ವಂದನಾರ್ಪಣೆಯಲ್ಲಿ ಹೇಳದೆ ಉಳಿದದ್ದು

ಸಭೆಯ ಕೊನೆಯಲ್ಲಿ ವಂದನಾರ್ಪಣೆ ಮಾಡುವವನಿಗೆ ಸ್ವಂತ ಅಭಿಪ್ರಾಯ ಇರಕೂಡದು. ದೀಪ ಬೆಳಗಿಸಿದವರಿಂದ ಹಿಡಿದು ಮೈಕಿನವರ ತನಕ ಯಾರ ಹೆಸರೂ ಬಿಟ್ಟುಹೋಗದಂತೆ ಹೇಳಬೇಕು, ಕುರ್ಚಿಗಳು ಖಾಲಿಯಾಗುವ ಮೊದಲು ಮುಗಿಸಬೇಕು. ಕನ್ನಡವೂ ಮಲಯಾಳವೂ ಬರುತ್ತದೆಂಬ ಕಾರಣಕ್ಕೆ ನಮ್ಮೂರಲ್ಲಿ ಈ ಕೆಲಸ ಬಹಳ ವರ್ಷಗಳಿಂದ ನನ್ನ ಪಾಲಿಗೆ ಬಿದ್ದಿದೆ. 2025ರ ಅಕ್ಟೋಬರಿನಲ್ಲಿ ಕಡಪ್ಪುರದಲ್ಲಿ ನಡೆದ ಶುಚೀಕರಣ ಕಾರ್ಯಕ್ರಮದಲ್ಲೂ ಹಾಗೆಯೇ ಆಯಿತು. ಮಕ್ಕಳು ಒಂದೂವರೆ ಗಂಟೆ ಬಿಸಿಲಲ್ಲಿ ಬಾಟಲಿ, ಚಪ್ಪಲಿ, ಬಲೆಯ ತುಂಡುಗಳನ್ನು ಹೆಕ್ಕಿದರು. ಆಮೇಲೆ ಪೆಂಡಾಲಿನ ಕೆಳಗೆ ಸಭೆ. ಮುಖ್ಯ ಅತಿಥಿಗಳು ಓದಿಕೊಂಡವರು, ಮಾತು ಬಲ್ಲವರು. ಅವರು ಹೇಳಿದ್ದರ ಸಾರಾಂಶ ಇಷ್ಟು: ಪ್ಲಾಸ್ಟಿಕ್ ವಿಷವಲ್ಲ, ಕಲ್ಲಿನ ಹಾಗೆ ಜಡವಸ್ತು. ಕಡಲ ಹಕ್ಕಿ ಅದನ್ನು ನುಂಗಿದರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಹೊಟ್ಟೆ ತುಂಬಿ ಹಸಿವು ಕೆಡಬಹುದು. ಅದರಾಚೆಗೆ ಹೇಳುವುದೆಲ್ಲ ಭಯ ಹುಟ್ಟಿಸುವ ಮಾತು. ನಾವು ಹೆಕ್ಕಿದರೆ ಸಾಕು, ಸಮಸ್ಯೆ ಮುಗಿಯಿತು.

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಆಮೇಲೆ ಎದ್ದು ನಿಂತು “ಮಾಹಿತಿಪೂರ್ಣ ಭಾಷಣಕ್ಕಾಗಿ” ಅವರಿಗೆ ಎರಡು ಭಾಷೆಗಳಲ್ಲಿ ಧನ್ಯವಾದ ಹೇಳಿದೆ. ಮನೆಗೆ ಬಂದ ಮೇಲೆ ಊಟ ರುಚಿಸಲಿಲ್ಲ. ಈ ಲೇಖನವನ್ನು ಆ ವಂದನಾರ್ಪಣೆಯ ತಿದ್ದುಪಡಿ ಎಂದು ಓದುಗರು ತಿಳಿಯಬೇಕಾಗಿ ವಿನಂತಿ.

“ಜಡ” ಎಂಬ ಆ ಮಾತು ನನ್ನನ್ನು ಯಾಕೆ ಕಾಡಿತು ಎಂಬುದನ್ನು ಮೊದಲು ಹೇಳುತ್ತೇನೆ. 1980ರ ದಶಕದ ಆರಂಭದಲ್ಲಿ ನಾನು ಎಣ್ಮಕಜೆ ಕಡೆಯ ಒಂದು ಶಾಲೆಯಲ್ಲಿ ಹೊಸ ಮಾಷ್ಟ್ರು. ಸುತ್ತಲಿನ ಗುಡ್ಡಗಳಲ್ಲಿ ಗೇರು ತೋಟ. ಚಹಾ ಸೊಳ್ಳೆ ಎಂಬ ಕೀಟವನ್ನು ಕೊಲ್ಲುವುದಕ್ಕೆ ಹೆಲಿಕಾಪ್ಟರ್ ಬಂದು ಮರಗಳ ಮೇಲೆ ಎಂಡೋಸಲ್ಫಾನ್ ಸುರಿಸಿ ಹೋಗುತ್ತಿತ್ತು. ವಿಮಾನವನ್ನು ಆಕಾಶದಲ್ಲಿ ಚುಕ್ಕಿಯಾಗಿ ಮಾತ್ರ ಕಂಡ ಮಕ್ಕಳಿಗೆ ಇಷ್ಟು ಹತ್ತಿರದಿಂದ ಹೆಲಿಕಾಪ್ಟರ್ ಕಾಣುವುದೆಂದರೆ ಜಾತ್ರೆ. ಪಾಠ ನಿಲ್ಲಿಸಿ, ಮಕ್ಕಳನ್ನು ಸಾಲಾಗಿ ಅಂಗಳಕ್ಕೆ ಬಿಟ್ಟು, ಕೈಯೆತ್ತಿ ತೋರಿಸಿದವನು ನಾನೇ. ಮೈಮೇಲೆ ಹನಿ ಬಿದ್ದಾಗ ಅವರು ನಕ್ಕದ್ದು ಈಗಲೂ ಕಿವಿಯಲ್ಲಿದೆ. ಆ ಕಾಲಕ್ಕೂ ತಿಳಿದವರು ಹೇಳುತ್ತಿದ್ದುದು ಇಂಥದೇ ಮಾತು: ಮಣ್ಣಿಗೆ ಬಿದ್ದರೆ ಬೇಗ ಕರಗಿಹೋಗುತ್ತದೆ, ಮನುಷ್ಯನಿಗೆ ತೊಂದರೆಯೆಂದು ಸಾಬೀತಾಗಿಲ್ಲ. ಸಿಂಪಡಣೆ ನಿಂತದ್ದು 2000ದಲ್ಲಿ. ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಪಡ್ರೆಯ ಡಾ. ವೈ. ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ, ಪೆರಿಯದ ಕೃಷಿ ಇಲಾಖೆಯ ನೌಕರಳಾಗಿದ್ದು ಕೋರ್ಟು ಹತ್ತಿದ ಲೀಲಾಕುಮಾರಿ ಅಮ್ಮ, ಇಂಥ ಕೆಲವರು ಹಟ ಹಿಡಿಯದಿದ್ದರೆ ಇನ್ನೂ ಬೇಕಾಗುತ್ತಿತ್ತು. ಅಹಮದಾಬಾದಿನ ರಾಷ್ಟ್ರೀಯ ಸಂಸ್ಥೆಯವರು ಗೇರು ತೋಟದ ಬುಡದ ಹಳ್ಳಿಯ 117 ಹುಡುಗರನ್ನು ಪರೀಕ್ಷಿಸಿ, ರಕ್ತದಲ್ಲಿ ಎಂಡೋಸಲ್ಫಾನ್ ಇದೆ, ಪ್ರಾಯಕ್ಕೆ ಬರುವುದು ತಡವಾಗಿದೆ ಎಂದು 2003ರಲ್ಲಿ ಪ್ರಕಟಿಸಿದರು. ಕರಗಿಹೋಗಿದೆ ಎಂದದ್ದು ಕರಗಿರಲಿಲ್ಲ, ಮಕ್ಕಳ ರಕ್ತದಲ್ಲಿ ಕೂತಿತ್ತು.

ಹೀಗಾಗಿ “ಜಡ”, “ಸಾಬೀತಾಗಿಲ್ಲ” ಎಂಬ ಶಬ್ದಗಳನ್ನು ನಮ್ಮ ಜಿಲ್ಲೆಯವರು ಇತರರಷ್ಟು ಸಲೀಸಾಗಿ ನುಂಗುವ ಹಾಗಿಲ್ಲ.

ಇನ್ನು ಪ್ಲಾಸ್ಟಿಕ್ ವಿಷಯ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ವಿಳಿಞ್ಞದಿಂದ ಕೊಚ್ಚಿಗೆ ಬರುವ ದಾರಿಯಲ್ಲಿ ಮುಳುಗಿತು. ಅದರಲ್ಲಿ 640 ಕಂಟೇನರುಗಳಿದ್ದವು. ನಾವಿಕರು ಬದುಕಿದರು, ದೇವರ ದಯೆ. ಕೆಲವು ದಿನಗಳಲ್ಲಿ ತಿರುವನಂತಪುರ, ಕೊಲ್ಲಂ ತೀರಗಳಿಗೆ ಬಿಳಿ ಕಾಳುಗಳು ಬಂದು ಬೀಳತೊಡಗಿದವು. ಜೂನಿನಲ್ಲಿ ನಾನು ಮಗಳ ಮನೆಗೆಂದು ತಿರುವನಂತಪುರಕ್ಕೆ ಹೋದವನು ಅದನ್ನು ಕಣ್ಣಾರೆ ಕಂಡೆ. ಮಗಳು, “ಅಪ್ಪಾ, ಸಾಬಕ್ಕಿ ಚೆಲ್ಲಿದ ಹಾಗಿದೆ ನೋಡಿ” ಎಂದಳು. ಪಕ್ಕದಲ್ಲಿದ್ದ ಹೆಂಗಸು “ಚವ್ವರಿ, ಚವ್ವರಿ” ಎಂದಳು. ಎರಡು ಭಾಷೆಗೂ ಒಂದೇ ಹೋಲಿಕೆ ಹೊಳೆದಿತ್ತು. ಬಕೆಟು, ಚೀಲ, ಬಾಲ್ದಿ ಮಾಡುವ ಕಾರ್ಖಾನೆಗಳಿಗೆ ಕಚ್ಚಾ ಪ್ಲಾಸ್ಟಿಕ್ ಹೋಗುವುದು ಈ ಕಾಳಿನ ರೂಪದಲ್ಲಿ. ಸ್ವಯಂಸೇವಕರು ಜರಡಿ ಹಿಡಿದು ಮರಳು ಗಾಳಿಸುತ್ತಿದ್ದರು. ಒಂದು ಜರಡಿ ಮರಳಿಗೆ ಒಂದು ಮುಷ್ಟಿ ಕಾಳು. ತಿರುಗಿ ನೋಡುವಷ್ಟರಲ್ಲಿ ಅಲೆ ಇನ್ನೊಂದು ಮುಷ್ಟಿ ತಂದು ಹಾಕುತ್ತಿತ್ತು. ಹಡಗಿನಲ್ಲಿ ಅಪಾಯಕಾರಿ ಸರಕು ಇದ್ದದ್ದು 13 ಕಂಟೇನರುಗಳಲ್ಲಿ ಎಂದು ಅಧಿಕೃತವಾಗಿ ಹೇಳಿದ್ದರು. ಈ ಕಾಳು ಆ ಹದಿಮೂರರ ಲೆಕ್ಕದಲ್ಲಿಲ್ಲ. ಕಾನೂನಿನ ಕಣ್ಣಿಗೆ ಅದು ಜಡ. ಅಂತಾರಾಷ್ಟ್ರೀಯ ನೌಕಾ ಸಂಘಟನೆ 2024ರಲ್ಲಿ ಈ ಕಾಳನ್ನು ಹೇಗೆ ಜಾಗ್ರತೆಯಿಂದ ಸಾಗಿಸಬೇಕೆಂದು ಸೂಚನೆಗಳನ್ನೇನೋ ಹೊರಡಿಸಿತು, ಆದರೆ ಪಾಲಿಸಲೇಬೇಕೆಂಬ ಕಡ್ಡಾಯ ಅದರಲ್ಲಿ ಇರಲಿಲ್ಲ.

ಈ ಜಡದ ಗುಣ ಏನೆಂದು ಜಪಾನಿನವರು ಇಪ್ಪತ್ತೈದು ವರ್ಷಗಳಿಂದ ಅಳೆಯುತ್ತಿದ್ದಾರೆ. ಪ್ಲಾಸ್ಟಿಕ್ ಹುಟ್ಟಿದ್ದು ಪೆಟ್ರೋಲಿಯಂನಿಂದ, ಅಂದರೆ ಅದು ಎಣ್ಣೆಯ ವಂಶದ್ದು. ಪಿಸಿಬಿ, ಡಿಡಿಟಿಯಂಥ ಹಳೆಯ ವಿಷಗಳೂ ನೀರಿಗೆ ಒಲ್ಲದ, ಎಣ್ಣೆಗೆ ಒಲಿಯುವ ಜಾತಿಯವು. ಕಡಲಿನಲ್ಲಿ ಅವು ಬಹಳ ತೆಳುವಾಗಿ ಹರಡಿರುತ್ತವೆ. ನಡುವೆ ಒಂದು ಪ್ಲಾಸ್ಟಿಕ್ ಕಾಳು ತೇಲಿ ಬಂದರೆ ಅದಕ್ಕೆ ಹೋಗಿ ಅಂಟಿಕೊಳ್ಳುತ್ತವೆ. 2001ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಕಾಳಿನಲ್ಲಿ ಸೇರಿಕೊಳ್ಳುವ ವಿಷದ ಪ್ರಮಾಣ ಸುತ್ತಲಿನ ನೀರಿಗಿಂತ ಲಕ್ಷದಿಂದ ಹತ್ತು ಲಕ್ಷ ಪಟ್ಟು. ಟೋಕಿಯೋದ ಕೃಷಿ ಮತ್ತು ತಂತ್ರಜ್ಞಾನ ವಿಶ್ವವಿದ್ಯಾನಿಲಯದ ಹಿದೆಶಿಗೆ ತಕಾದಾ ಎಂಬ ಪ್ರಾಧ್ಯಾಪಕರು 2005ರಿಂದ, ನಿಮ್ಮ ತೀರದಲ್ಲಿ ಸಿಕ್ಕ ಕಾಳುಗಳನ್ನು ಅಂಚೆಯಲ್ಲಿ ಕಳಿಸಿ ಎಂದು ಲೋಕಕ್ಕೆಲ್ಲ ಕರೆ ಕೊಟ್ಟು, ಯಾವ ಕಡಲಲ್ಲಿ ಯಾವ ವಿಷ ಎಷ್ಟಿದೆ ಎಂಬ ನಕ್ಷೆಯನ್ನೇ ಬರೆದರು. ಹೊಸ ಬಿಳಿ ಕಾಳಿಗಿಂತ ಬಿಸಿಲು, ಉಪ್ಪು ತಿಂದು ಹಳದಿಯಾದ ಕಾಳಿನಲ್ಲಿ ವಿಷ ಹೆಚ್ಚು. ಎಲ್ಸಾದಿಂದ ಬಿದ್ದು ಇನ್ನೂ ಕಡಲಲ್ಲೇ ಉಳಿದ ಕಾಳುಗಳು ಮುಂದಿನ ಮಳೆಗಾಲಗಳಲ್ಲಿ ಏನನ್ನು ಹೊತ್ತು ಬಂದಾವು ಎಂದು ನಾವು ಯೋಚಿಸಬೇಕಾದದ್ದು ಈ ಕಾರಣಕ್ಕೆ.

ಇದು ಹೊರಗಿನಿಂದ ಅಂಟುವ ವಿಷ. ಒಳಗೇ ಹಾಕಿರುವುದು ಬೇರೆ ಇದೆ, ನನ್ನ ನಿಜವಾದ ತಕರಾರು ಅದರ ಬಗ್ಗೆ. ಬರಿಯ ಪ್ಲಾಸ್ಟಿಕ್ಕಿನಿಂದ ಸಾಮಾನು ಆಗುವುದಿಲ್ಲ. ಬೆಂಕಿ ಹಿಡಿಯದಿರಲಿ ಎಂದು ಒಂದು ರಾಸಾಯನಿಕ, ಬಾಗಲಿ ಎಂದು ಇನ್ನೊಂದು, ಬಿಸಿಲಿಗೆ ಸೀಳದಿರಲಿ ಎಂದು ಮತ್ತೊಂದು, ಬಣ್ಣಕ್ಕೆ ಬೇರೆ, ಇವನ್ನೆಲ್ಲ ಕಾರ್ಖಾನೆಯಲ್ಲಿ ಬೆರೆಸುತ್ತಾರೆ. ಅವು ಪ್ಲಾಸ್ಟಿಕ್ಕಿಗೆ ಗಟ್ಟಿಯಾಗಿ ಬೆಸೆದುಕೊಂಡಿರುವುದಿಲ್ಲ, ಎಣೆಗಳ ನಡುವೆ ಸುಮ್ಮನೆ ಕೂತಿರುತ್ತವೆ. 2024ರಲ್ಲಿ ಪ್ರಕಟವಾದ ಪ್ಲಾಸ್ಟ್‌ಕೆಮ್ ವರದಿಯಲ್ಲಿ ಪ್ಲಾಸ್ಟಿಕ್ಕಿಗೆ ಸಂಬಂಧಪಟ್ಟ 16,000ಕ್ಕೂ ಹೆಚ್ಚು ರಾಸಾಯನಿಕಗಳ ಪಟ್ಟಿಯಿದೆ. ಆತಂಕಕ್ಕೆ ಕಾರಣವಾಗುವಂಥವು 4,200ಕ್ಕೂ ಹೆಚ್ಚು. ಹತ್ತು ಸಾವಿರಕ್ಕೂ ಮಿಕ್ಕಿದವುಗಳ ಬಗ್ಗೆ ಅಪಾಯ ಇದೆಯೋ ಇಲ್ಲವೋ ಎಂದು ಹೇಳುವ ಮಾಹಿತಿಯೇ ಇಲ್ಲ. ಮುಖ್ಯ ಅತಿಥಿಗಳು ಕಲ್ಲಿಗೆ ಹೋಲಿಸಿದರಲ್ಲ, ಇಷ್ಟೊಂದು ಮದ್ದು ಕುಡಿದ ಕಲ್ಲನ್ನು ನಾನಂತೂ ಕಂಡಿಲ್ಲ.

ಹಕ್ಕಿಯ ಹೊಟ್ಟೆಯಲ್ಲಿ ಏನಾಗುತ್ತದೆ? ತೀರದಿಂದ ದೂರ, ನಡುಗಡಲಿನಲ್ಲಿ ಬದುಕುವ ಶಿಯರ್‌ವಾಟರ್ ಎಂಬ ಹಕ್ಕಿಗಳಿವೆ. ಅಲೆಯ ಮೈಯನ್ನು ರೆಕ್ಕೆಯ ತುದಿಯಿಂದ ಸವರುತ್ತಾ ಹಾರುವುದರಿಂದ ಆ ಹೆಸರು. ಮಳೆಗಾಲದ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದ ಮೇಲೂ ಇವು ಬಂದುಹೋಗುತ್ತವೆ. ಮರಿಗಳಿಗೆ ದೂರದಿಂದ ಆಹಾರ ತರಬೇಕಾದ್ದರಿಂದ ಈ ಕುಲದ ಹಕ್ಕಿಗಳ ಹೊಟ್ಟೆಯಲ್ಲಿ ಮೀನಿನ ಸಾರವೆಲ್ಲ ಒಂದು ಬಗೆಯ ಎಣ್ಣೆಯಾಗಿ ನಿಲ್ಲುತ್ತದೆ. ಜಪಾನಿನ ಸಂಶೋಧಕರು ಪ್ಲಾಸ್ಟಿಕ್ ಚೂರನ್ನು ನೀರಿನಲ್ಲೂ ಸಮುದ್ರದ ನೀರಿನಲ್ಲೂ ಹಾಕಿ ನೋಡಿದರು. ಒಳಗಿನ ಬೆಂಕಿನಿರೋಧಕ ರಾಸಾಯನಿಕ ಅಷ್ಟಾಗಿ ಹೊರಗೆ ಬರಲಿಲ್ಲ. ಮೀನೆಣ್ಣೆಯಲ್ಲಿ, ಹಕ್ಕಿಯ ಹೊಟ್ಟೆಯ ಎಣ್ಣೆಯಲ್ಲಿ ಹಾಕಿದಾಗ ಬಂತು. 2015ರಲ್ಲಿ ಇದನ್ನು ಪ್ರಕಟಿಸಿದರು. ನಮ್ಮ ಮನೆಯ ಹೆಂಗಸರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಒಣಮೆಣಸನ್ನು ನೀರಿನಲ್ಲಿ ನೆನೆಹಾಕಿದಾಗಿನ ಬಣ್ಣ ಎಷ್ಟು, ಒಗ್ಗರಣೆಯ ಎಣ್ಣೆಗೆ ಹಾಕಿದಾಗಿನ ಬಣ್ಣ ಎಷ್ಟು? ನೀರಿನಲ್ಲಿಟ್ಟು ನೋಡಿ “ಏನೂ ಬಿಡುವುದಿಲ್ಲ, ಜಡ” ಎಂದು ಸರ್ಟಿಫಿಕೇಟು ಕೊಡುವವರಿಗೆ ಅಡಿಗೆ ಮನೆಯ ಪರಿಚಯ ಸಾಲದು.

ಈ ಹಕ್ಕಿಗಳು ದಡ್ಡವೆಂದು ನುಂಗುವುದಲ್ಲ. ಕಡಲಿನ ಸೂಕ್ಷ್ಮ ಪಾಚಿಯನ್ನು ಸಣ್ಣ ಜೀವಿಗಳು ತಿನ್ನುವಾಗ ಗಂಧಕದ ಒಂದು ವಾಸನೆ ಏಳುತ್ತದೆ. ಅದೇ ಅವಕ್ಕೆ ಊಟದ ಗಂಟೆ. ತೇಲುವ ಪ್ಲಾಸ್ಟಿಕ್ಕಿಗೆ ಪಾಚಿ ಹಿಡಿದರೆ ಅದಕ್ಕೂ ಅದೇ ವಾಸನೆ ಬರುತ್ತದೆಂದು ಕ್ಯಾಲಿಫೋರ್ನಿಯಾದವರು 2016ರಲ್ಲಿ ತೋರಿಸಿದರು. ಆ ವಾಸನೆ ಹಿಡಿದು ಹೋಗುವ ಜಾತಿಗಳೇ ಪ್ಲಾಸ್ಟಿಕ್ಕನ್ನು ಹೆಚ್ಚು ನುಂಗುವುದು. ನಮ್ಮ ಕಡಪ್ಪುರದ ಹಿರಿಯ ಮೀನುಗಾರರೊಬ್ಬರಿಗೆ ನಾನು ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಬಲೆ ಹೆಣೆಯುವ ಕೈ ನಿಲ್ಲಿಸಿ, “ಮಾಷ್ಟ್ರೇ, ನಾವು ಹಕ್ಕಿ ಇಳಿದ ಕಡೆ ದೋಣಿ ಬಿಡುವವರು. ಹಕ್ಕಿಗೇ ಮೋಸ ಆಗುವುದಾದರೆ ನಾವು ಯಾರನ್ನು ನೋಡಿ ಹೋಗುವುದು?” ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ.

ಎದುರು ಪಕ್ಷದ ವಾದವನ್ನೂ ಮರೆಮಾಚದೆ ಹೇಳಬೇಕು, ಇಲ್ಲದಿದ್ದರೆ ನನಗೂ ಅವರಿಗೂ ವ್ಯತ್ಯಾಸವಿಲ್ಲ. ಪಿಸಿಬಿಯಂಥ ಹಳೆಯ ವಿಷಗಳು ಮೀನಿನಲ್ಲೂ ಇವೆ. ಹಕ್ಕಿಯ ಮೈಗೆ ಬಂದದ್ದು ಮೀನಿನಿಂದಲೋ ಪ್ಲಾಸ್ಟಿಕ್ಕಿನಿಂದಲೋ ಎಂದು ಬೇರ್ಪಡಿಸುವುದು ಕಷ್ಟ. ನಾರ್ವೆಯಲ್ಲಿ ಫುಲ್ಮಾರ್ ಎಂಬ ಕಡಲ ಹಕ್ಕಿಗಳನ್ನು ಪರೀಕ್ಷಿಸಿದವರು 2016ರಲ್ಲಿ, ಹೊಟ್ಟೆಯ ಪ್ಲಾಸ್ಟಿಕ್ಕಿಗೂ ಮೈಯೊಳಗಿನ ಈ ವಿಷಗಳಿಗೂ ಸಂಬಂಧ ಕಾಣುವುದಿಲ್ಲ, ಬಹುಪಾಲು ಬಂದದ್ದು ಆಹಾರದಿಂದ ಎಂದರು. ಪ್ರಾಮಾಣಿಕವಾದ ಕೆಲಸ, ಒಪ್ಪುತ್ತೇನೆ. ಆದರೆ ಮುಖ್ಯ ಅತಿಥಿಗಳಂಥವರು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಅಂಟಿಕೊಂಡ ವಿಷದ ಬಗೆಗಿನ ಮಾತನ್ನು ಬೆರೆಸಿದ ವಿಷಕ್ಕೂ ಅನ್ವಯಿಸಿ ಜಾರಿಕೊಳ್ಳುತ್ತಾರೆ. ಉತ್ತರ ಪೆಸಿಫಿಕ್ಕಿನ 12 ಶಿಯರ್‌ವಾಟರುಗಳ ಕೊಬ್ಬನ್ನು ಪರೀಕ್ಷಿಸಿದ ವರದಿ 2013ರಲ್ಲಿ ಬಂತು. ಮೂರು ಹಕ್ಕಿಗಳ ಕೊಬ್ಬಿನಲ್ಲಿ ಒಂದು ಬಗೆಯ ಬ್ರೋಮಿನ್ ಬೆಂಕಿನಿರೋಧಕ ಸಿಕ್ಕಿತು. ಅವು ತಿನ್ನುವ ಮೀನುಗಳಲ್ಲಿ ಅದಿಲ್ಲ. ಅವುಗಳ ಹೊಟ್ಟೆಯಲ್ಲಿದ್ದ ಪ್ಲಾಸ್ಟಿಕ್ಕಿನಲ್ಲಿತ್ತು. ಕಳ್ಳನ ಅಂಗಿಯ ಗುಂಡಿ ಮನೆಯೊಳಗೆ ಸಿಕ್ಕ ಹಾಗೆ. ಅಷ್ಟಕ್ಕೂ ಸಮಾಧಾನವಾಗದೆ ಅದೇ ಗುಂಪು ಇನ್ನೊಂದು ಜಾತಿಯ ಶಿಯರ್‌ವಾಟರ್ ಮರಿಗಳಿಗೆ, ಗೊತ್ತಿದ್ದ ಐದು ರಾಸಾಯನಿಕಗಳನ್ನು ಬೆರೆಸಿದ ಕಾಳುಗಳನ್ನು ತಿನ್ನಿಸಿ ನೋಡಿತು. ಪಿತ್ತಕೋಶದ ಬಳಿಯ ಯಕೃತ್ತಿನಲ್ಲಿ, ಕೊಬ್ಬಿನಲ್ಲಿ ಅವು ಸಾಮಾನ್ಯ ಮಟ್ಟಕ್ಕಿಂತ ಹತ್ತಾರು ಪಟ್ಟಿನಿಂದ ಹಿಡಿದು ಲಕ್ಷದ ಆಸುಪಾಸಿನ ಪಟ್ಟು ಸೇರಿಕೊಂಡಿದ್ದವು. ಇದು 2020ರ ಮಾತು. ಮರಿಗಳಿಗೆ ಹಾಗೆ ತಿನ್ನಿಸಿದ್ದು ನನಗೇನೂ ಸಂತೋಷ ಕೊಡಲಿಲ್ಲ. ಆದರೆ ಸಾಬೀತು ಮಾಡಿ ಎಂದು ಕೇಳುತ್ತಾ ಕೂತವರಿದ್ದಾರಲ್ಲ.

ನನಗೆ ಹೆಚ್ಚು ಹಿಡಿಸಿದ್ದು 2021ರ ಕೆಲಸ. ಹಕ್ಕಿಯ ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿಯಿದೆ. ಕೊಕ್ಕಿನಿಂದ ಅದನ್ನು ಒತ್ತಿ ಗರಿಗಳಿಗೆ ಸವರಿಕೊಳ್ಳುತ್ತದೆ. ಕೋಳಿ ಸಾಕಿದವರೆಲ್ಲ ನೋಡಿದ್ದೇವೆ. ಹಕ್ಕಿಯನ್ನು ಕೊಲ್ಲದೆ ಆ ಎಣ್ಣೆಯನ್ನು ಕಾಗದದಲ್ಲಿ ಒರೆಸಿ ತೆಗೆದು ಪರೀಕ್ಷಿಸಬಹುದು. ಹಾಗೆ ಲೋಕದ 16 ಕಡೆಗಳಿಂದ 32 ಜಾತಿಯ 145 ಹಕ್ಕಿಗಳ ಎಣ್ಣೆ ಸಂಗ್ರಹಿಸಿದರು. ಅರ್ಧದಷ್ಟು ಹಕ್ಕಿಗಳಲ್ಲಿ ಪ್ಲಾಸ್ಟಿಕ್ಕಿಗೆ ಬೆರೆಸುವ ರಾಸಾಯನಿಕಗಳು ಸಿಕ್ಕಿದವು. ಮನುಷ್ಯರೇ ಇಲ್ಲದ ದ್ವೀಪಗಳ ಹಕ್ಕಿಗಳಲ್ಲೂ ಕೂಡ.

ಅಂಥ ರಾಸಾಯನಿಕಗಳಲ್ಲಿ ಒಂದರ ಹೆಸರು ಯು.ವಿ.-328. ಪ್ಲಾಸ್ಟಿಕ್ ಬಿಸಿಲಿಗೆ ಹಾಳಾಗದಂತೆ ಸೇರಿಸುವುದು. ಇದನ್ನು ಓದಿದಾಗ ನನಗೆ ನಮ್ಮ ಅಡಿಕೆ ಅಂಗಳ ನೆನಪಾಯಿತು. ಮಳೆ ಬಂದರೆ ಅಡಿಕೆ ಹಾಳು ಎಂದು ಕೆಲವು ವರ್ಷಗಳ ಹಿಂದೆ ನಾನೂ ಪ್ಲಾಸ್ಟಿಕ್ ಹೊದಿಸಿದ ಒಣಗಿಸುವ ಮನೆ ಮಾಡಿದೆ. ಶೀಟು ಕೊಟ್ಟ ಅಂಗಡಿಯವರು, “ಇದು ಯು.ವಿ. ಹಾಕಿದ್ದು ಮಾಷ್ಟ್ರೇ, ಕಣ್ಣು ಮುಚ್ಚಿ ತೆಗೆದುಕೊಳ್ಳಿ” ಎಂದಿದ್ದರು. ಯು.ವಿ. ಎಂದರೆ ಹಾಕಿದ್ದು ಏನು ಎಂದು ಈಚೆಗೆ ಹೋಗಿ ಕೇಳಿದೆ. ಅವರು ನಕ್ಕರು. ಅವರಿಗೆ ಗೊತ್ತಿಲ್ಲ. ಅವರಿಗೆ ಮಾರಿದವರಿಗೆ ಫೋನು ಮಾಡಿದರು, ಅವರಿಗೂ ಗೊತ್ತಿಲ್ಲ. ಶೀಟಿನ ಅಂಚಿನಲ್ಲಿ ದಪ್ಪ ಎಷ್ಟು ಮೈಕ್ರಾನ್ ಎಂದಿದೆ, ಒಳಗೆ ಏನಿದೆ ಎಂದಿಲ್ಲ. ನನ್ನ ಶೀಟಿನಲ್ಲಿ 328 ಇದೆಯೆಂದು ನಾನು ಹೇಳುತ್ತಿಲ್ಲ. ಇದೆಯೋ ಇಲ್ಲವೋ ಎಂದು ತಿಳಿಯುವ ದಾರಿ ಹಣ ಕೊಟ್ಟ ನನಗಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಹರಿದ ಅದರ ತುಂಡು ಮಳೆಯಲ್ಲಿ ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಹೋದ ಮೇಲೆ ಅದನ್ನು ಕಂಡುಹಿಡಿಯುವ ಪ್ರಯೋಗಶಾಲೆ ಹಕ್ಕಿಯ ಹೊಟ್ಟೆ ಮಾತ್ರ.

ಬೇಗ ಅಳಿಯದ ವಿಷಗಳಿಗೆ ಲೋಕಮಟ್ಟದಲ್ಲಿ ಒಂದು ಕಪ್ಪುಪಟ್ಟಿಯಿದೆ, ಸ್ಟಾಕ್‌ಹೋಮ್ ಒಪ್ಪಂದದ್ದು. 2023ರ ಮೇ ತಿಂಗಳಲ್ಲಿ ಯು.ವಿ.-328ನ್ನು ಆ ಪಟ್ಟಿಗೆ ಸೇರಿಸಿದರು. ದೂರದ ಊರುಗಳಿಗೆ ಅದು ಹೇಗೆ ತಲಪುತ್ತದೆ ಎಂಬ ಚರ್ಚೆಯಲ್ಲಿ ತೇಲುವ ಪ್ಲಾಸ್ಟಿಕ್ಕೂ ಅದನ್ನು ನುಂಗಿದ ಕಡಲ ಹಕ್ಕಿಗಳೂ ಸಾಕ್ಷಿಗಳಾದವು. ಅದೇ ಪಟ್ಟಿಗೆ 2011ರಲ್ಲಿ ಸೇರಿದ ಇನ್ನೊಂದು ಹೆಸರನ್ನು ನಮ್ಮ ಜಿಲ್ಲೆಯ ಯಾವ ಮಗುವೂ ಹೇಳಬಲ್ಲದು: ಎಂಡೋಸಲ್ಫಾನ್. ಗೇರು ಗುಡ್ಡದ ವಿಷ ಮತ್ತು ಪ್ಲಾಸ್ಟಿಕ್ಕಿನೊಳಗಿನ ವಿಷ ಒಂದೇ ಪುಟದ ಎರಡು ಸಾಲುಗಳು. ಹಾಗಿರುವಾಗ ಒಂದನ್ನು ವಿಷವೆಂದೂ ಇನ್ನೊಂದನ್ನು ಹೊತ್ತದ್ದನ್ನು ಜಡವೆಂದೂ ವೇದಿಕೆಯ ಮೇಲೆ ಹೇಳಿದಾಗ ನಮ್ಮ ಜಿಲ್ಲೆಯವನೇ ಆದ ನಾನು ಧನ್ಯವಾದ ಹೇಳಿದೆ.

2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಎಂಡೋಸಲ್ಫಾನ್ ಚರ್ಚೆಗೆ ಬಂದಾಗ ಇಲ್ಲಿ ಏನಾಯಿತೆಂದು ಹಿರಿಯರಿಗೆ ನೆನಪಿದೆ. ಕೇರಳದ ಮುಖ್ಯಮಂತ್ರಿಯಾಗಿದ್ದ ವಿ. ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಒಂದು ದಿನ ಉಪವಾಸ ಕೂತರು. ಅಲ್ಲಿ ಭಾರತದ ಪ್ರತಿನಿಧಿಗಳು ನಿಷೇಧವನ್ನು ವಿರೋಧಿಸುತ್ತಾ ಹೋಗಿ, ಕೊನೆಗೆ ವಿನಾಯಿತಿಗಳನ್ನು ಗಿಟ್ಟಿಸಿಕೊಂಡು ಒಪ್ಪಿದರು. ಅಗ್ಗದ ಔಷಧ, ಬಡ ರೈತ, ಬದಲಿ ಇಲ್ಲ, ಇವೇ ಅವರ ವಾದಗಳು. ಮುಂದಿನ ತಿಂಗಳು ಸುಪ್ರೀಂ ಕೋರ್ಟು ದೇಶವಿಡೀ ತಡೆಯಿತು. ಸಂತ್ರಸ್ತರಿಗೆ ಐದೈದು ಲಕ್ಷ ಕೊಡಿ ಎಂದು ಅದೇ ಕೋರ್ಟು ಹೇಳುವಾಗ 2017 ಆಗಿತ್ತು. ಆ ಹೊತ್ತಿಗೆ ನನ್ನ ಅಂಗಳದ ಸಾಲಿನಲ್ಲಿ ನಿಂತಿದ್ದವರಲ್ಲಿ ಇಬ್ಬರಿಗೆ ಪರಿಹಾರ ಬೇಕಾಗಿರಲಿಲ್ಲ. ಯಾವುದರಿಂದ ಹೋದರು ಎಂದು ಹೇಳುವ ಕಾಗದ ಯಾರ ಕೈಯಲ್ಲೂ ಇಲ್ಲ. ಕಾಗದ ಇಲ್ಲದಿರುವುದೇ ಇಂಥ ವಿಷಗಳ ಅನುಕೂಲ.

2025ರ ಆಗಸ್ಟಿನಲ್ಲಿ ಅದೇ ಜಿನೀವಾದಲ್ಲಿ ಲೋಕದ ರಾಷ್ಟ್ರಗಳು ಪ್ಲಾಸ್ಟಿಕ್ ಒಪ್ಪಂದಕ್ಕಾಗಿ ಸೇರಿದವು. ಹತ್ತು ದಿನ ಮಾತಾಡಿ ಒಪ್ಪಂದವಿಲ್ಲದೆ ಎದ್ದವು. ಮೊದಲು 2024ರ ಕೊನೆಗೆ ಬುಸಾನಿನಲ್ಲೂ ಹಾಗೆಯೇ ಆಗಿತ್ತು. ತಡೆದದ್ದು ಮುಖ್ಯವಾಗಿ ಎರಡು ಪ್ರಶ್ನೆಗಳು: ಪ್ಲಾಸ್ಟಿಕ್ ತಯಾರಿಗೆ ಮಿತಿ ಹಾಕಬೇಕೇ, ಅದರೊಳಗಿನ ಅಪಾಯಕಾರಿ ರಾಸಾಯನಿಕಗಳನ್ನು ಹಿಡಿತಕ್ಕೆ ತರಬೇಕೇ? ಎಣ್ಣೆ ಮಾರುವ ದೇಶಗಳು ಬೇಡವೆಂದವು, ಕಸ ನಿರ್ವಹಣೆಯ ಬಗ್ಗೆ ಮಾತ್ರ ಮಾತಾಡೋಣ ಎಂದವು. ಭಾರತವೂ ತಯಾರಿಯ ಮಿತಿಗೆ ಒಪ್ಪಲಿಲ್ಲ. ಅಂದರೆ ಲೋಕದ ಸಭೆಯಲ್ಲಿ ದೊಡ್ಡವರು ಹೇಳಿದ್ದೂ ನಮ್ಮ ಕಡಪ್ಪುರದ ಪೆಂಡಾಲಿನಲ್ಲಿ ಮುಖ್ಯ ಅತಿಥಿಗಳು ಹೇಳಿದ್ದೂ ಒಂದೇ: ನಾವು ಮಾಡುತ್ತಿರುತ್ತೇವೆ, ನೀವು ಹೆಕ್ಕುತ್ತಿರಿ.

ಹೆಕ್ಕುವವರು ಯಾರು? ನಮ್ಮ ಪಂಚಾಯತಿನ ಮನೆಮನೆಗೆ ಬರುವ ಹರಿತ ಕರ್ಮ ಸೇನೆಯ ಹೆಂಗಸರು. ಹಾಲಿನ ತೊಟ್ಟೆಯನ್ನು ತೊಳೆದು, ಒಣಗಿಸಿ, ಮಡಚಿ, ಮೇಲೆ ತಿಂಗಳಿಗೆ ಐವತ್ತು ರೂಪಾಯಿ ಇಟ್ಟು ಅವರ ಕೈಗೆ ಕೊಡುತ್ತೇವೆ. ಕೊಡಬೇಕಾದ್ದೇ, ನಾನು ತಪ್ಪದೆ ಕೊಡುತ್ತೇನೆ. ತೊಳೆದುಕೊಡುವವಳಿಗೆ ಕರ್ತವ್ಯವಿದೆ, ಹೊತ್ತುಕೊಂಡು ಹೋಗುವವಳಿಗೆ ಕರ್ತವ್ಯವಿದೆ, ಮರಳು ಗಾಳಿಸುವ ಮಗುವಿಗೆ ಕರ್ತವ್ಯವಿದೆ. ತಯಾರಿಸಿದವನಿಗೆ ಒಳಗೆ ಏನು ಹಾಕಿದ್ದೇನೆ ಎಂದು ಒಂದು ಸಾಲು ಬರೆಯುವ ಕರ್ತವ್ಯ ಇಲ್ಲ. ಒಂದು ಪೊಟ್ಟಣ ಬಿಸ್ಕತ್ತಿಗೆ ಇರುವ ನಿಯಮ ಆ ಬಿಸ್ಕತ್ತಿನ ಪೊಟ್ಟಣಕ್ಕೆ ಇಲ್ಲ.

ಪ್ಲಾಸ್ಟಿಕ್ಕೇ ಬೇಡ ಎಂದು ನಾನು ಹೇಳುತ್ತಿದ್ದೇನೆಂದು ಯಾರಾದರೂ ತಿಳಿದಾರು. ಇಲ್ಲ. ತೋಟದ ಪೈಪು, ಮೀನುಗಾರರ ನೈಲಾನ್ ಬಲೆ, ಆಸ್ಪತ್ರೆಯ ಸಿರಿಂಜು, ಬಡವನ ಮಾಡಿನ ಟರ್ಪಾಲು, ಯಾವುದನ್ನೂ ನಾಳೆಯೇ ಬಿಡುವ ಸ್ಥಿತಿಯಲ್ಲಿ ನಾವಿಲ್ಲ. ನಾನು ಕೇಳುವುದು ಸಣ್ಣದು. ಏನು ಬೆರೆಸಿದ್ದೀರಿ ಎಂದು ಬರೆಯಿರಿ. ಕಪ್ಪುಪಟ್ಟಿಗೆ ಹೋದದ್ದನ್ನು ಬೆರೆಸಬೇಡಿ. ಪರೀಕ್ಷೆಯಾಗದ್ದನ್ನು ಮೊದಲು ಪರೀಕ್ಷಿಸಿ, ಹಕ್ಕಿಯ ಮೇಲೆ ನಮ್ಮ ಮೇಲೆ ಬಿಟ್ಟು ನೋಡಬೇಡಿ. ಕಾಳು ಸಾಗಿಸುವ ಹಡಗಿನ ಕಾಗದದಲ್ಲಿ ಅದನ್ನು ಅಪಾಯಕಾರಿ ಸರಕು ಎಂದು ನಮೂದಿಸಿ. ಕೇರಳ ಸರಕಾರ ಎಲ್ಸಾ ವಿಷಯದಲ್ಲಿ 9,531 ಕೋಟಿ ರೂಪಾಯಿ ಪರಿಹಾರಕ್ಕಾಗಿ ಹೈಕೋರ್ಟಿಗೆ ಹೋಯಿತು, ಒಳ್ಳೆಯದು. ಆದರೆ ಚೆಲ್ಲಿದ ಮೇಲೆ ಕೋಟಿ ಕೇಳುವ ವಸ್ತುವನ್ನು ಚೆಲ್ಲುವ ಮೊದಲು ನಿರಪಾಯವೆಂದು ಬರೆಯಲು ಬಿಟ್ಟದ್ದು ಯಾವ ನ್ಯಾಯ?

ಬರೆಯುವುದಾದರೆ ಯಾವ ಭಾಷೆಯಲ್ಲಿ ಎಂಬ ಪ್ರಶ್ನೆಯೂ ನಮಗೆ ಇದೆ. ರೇಶನ್ ಕಾರ್ಡಿನ ಅರ್ಜಿ ಕನ್ನಡದಲ್ಲಿ ಕೊಡಿ, ಕಚೇರಿಯ ಬೋರ್ಡು ಕನ್ನಡದಲ್ಲೂ ಇರಲಿ ಎಂದು ನಾವು ಗಡಿಯ ಕನ್ನಡಿಗರು ಎಷ್ಟು ದಶಕಗಳಿಂದ ಮನವಿ ಕೊಟ್ಟಿದ್ದೇವೋ ಲೆಕ್ಕವಿಲ್ಲ. ಹೆಲಿಕಾಪ್ಟರಿನ ಕಾಲದಲ್ಲಿ ಡ್ರಮ್ಮುಗಳ ಮೇಲಿದ್ದ ಎಚ್ಚರಿಕೆಯನ್ನು ನಮ್ಮ ಕೂಲಿಯಾಳುಗಳು ಓದಲಾರದೆ ಹೋದರು ಎಂಬುದೂ ಗೊತ್ತಿದೆ. ಓದಲು ಬಾರದ ಭಾಷೆಯಲ್ಲಿ ಬರೆದರೆ ಏನಾಗುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಈ ವಿಷಯದಲ್ಲಿ ನಮ್ಮ ಮಲಯಾಳಿ ನೆರೆಯವರಿಗೆ ನಮಗಿಂತ ಹೆಚ್ಚೇನೂ ಸಿಕ್ಕಿಲ್ಲ. ಕನ್ನಡದಲ್ಲೂ ಇಲ್ಲ, ಮಲಯಾಳದಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಈ ವಾರ್ಷಿಕದ ಎರಡೂ ಭಾಗದ ಓದುಗರು ಕೂಡಿ ಬರೆಯಬಹುದಾದ ಒಂದು ಮನವಿ ಇದ್ದರೆ ಅದು ಇದು. ಕರಡು ನಾನು ಮಾಡಿದ್ದೇನೆ, ಮಲಯಾಳದ ಪ್ರತಿಯನ್ನು ಗೆಳೆಯರೊಬ್ಬರು ತಿದ್ದಿಕೊಟ್ಟಿದ್ದಾರೆ. ಸಹಿ ಹಾಕುವವರು ಸಂಪಾದಕರ ವಿಳಾಸಕ್ಕೆ ಒಂದು ಕಾರ್ಡು ಹಾಕಿದರೆ ಸಾಕು.

ತಿರುವನಂತಪುರದಿಂದ ಬರುವಾಗ ನಾನು ಒಂದು ಮುಷ್ಟಿ ಕಾಳನ್ನು ತಂದಿದ್ದೆ. ಗಾಜಿನ ಬಾಟಲಿಯಲ್ಲಿ ಮೇಜಿನ ಮೇಲಿದೆ. ಮೊಮ್ಮಗ ಬಂದಾಗ ಎತ್ತಿಡುತ್ತೇನೆ, ಪಾಯಸದ ಸಾಬಕ್ಕಿಯೆಂದು ಬಾಯಿಗೆ ಹಾಕಿಯಾನೆಂಬ ಹೆದರಿಕೆ. ಈ ವರ್ಷದ ಶುಚೀಕರಣ ಕಾರ್ಯಕ್ರಮಕ್ಕೂ ವಂದನಾರ್ಪಣೆಗೆ ನನ್ನನ್ನೇ ಕೇಳಿದ್ದಾರೆ. ವಂದನಾರ್ಪಣೆ ಬೇರೆ ಯಾರಾದರೂ ಮಾಡಲಿ, ನನಗೆ ಮುಖ್ಯ ಅತಿಥಿಗಳ ನಂತರ ಐದು ನಿಮಿಷ ಕೊಡಿ, ಒಂದು ಬಾಟಲಿ ತರುತ್ತೇನೆ ಎಂದು ಸಮಿತಿಯ ಅಧ್ಯಕ್ಷರಿಗೆ ಹೇಳಿ ಕಳಿಸಿದ್ದೇನೆ. ಕಾರ್ಯಕ್ರಮ ಪಟ್ಟಿ ಅಚ್ಚಿಗೆ ಹೋಗಿಲ್ಲವಂತೆ, ನೋಡೋಣ ಎಂದಿದ್ದಾರೆ.